ಸ್ಪ್ರೇ ಡಬ್ಬಿಗೂ ಒಂದು ಜಾಗ ಬೇಕು

ನಮ್ಮ ಹಾಸ್ಟೆಲ್ ನೋಟಿಸ್ ಬೋರ್ಡಿನಲ್ಲಿ ರೂಮಿಗೆ ತರಬಾರದ ವಸ್ತುಗಳ ಪಟ್ಟಿ ಒಂದಿದೆ. ಇಂಡಕ್ಷನ್ ಸ್ಟೌ, ಇಸ್ತ್ರಿ ಪೆಟ್ಟಿಗೆ, ಪಟಾಕಿ, ಹೀಗೆ. ಈ ಸೆಮಿಸ್ಟರ್‌ನಿಂದ ಅದರ ಕೊನೆಗೆ ಪೆನ್ನಿನಲ್ಲಿ ಇನ್ನೊಂದು ಸೇರಿದೆ: ಸ್ಪ್ರೇ ಪೇಂಟ್. ಕೆಳಗೆ ಬ್ರಾಕೆಟ್‌ನಲ್ಲಿ ‘ಕ್ಯಾಂಪಸ್‌ನ ಯಾವ ಜಾಗದಲ್ಲೂ’ ಅಂತ ಬರೆದಿದ್ದಾರೆ. ಕಾರಣ ಎಲ್ಲರಿಗೂ ಗೊತ್ತು. ಮೂರನೇ ಮಹಡಿಯ ಒಂದು ರೂಮಿನಲ್ಲಿ, ಹೊರಗೆ ಮಳೆ ಅಂತ ಕಿಟಕಿ ಬಾಗಿಲು ಎಲ್ಲಾ ಹಾಕಿಕೊಂಡು ಕಂಪ್ಯೂಟರ್ ಕ್ಯಾಬಿನೆಟ್‌ಗೆ ಕೆಂಪು ಬಣ್ಣ ಹೊಡೆದರು. ವಾಸನೆ ಇಡೀ ಕಾರಿಡಾರ್ ತುಂಬಿತು. ಪಕ್ಕದ ರೂಮಿನ ಆಸ್ತಮಾ ಇರೋ ಹುಡುಗ ರಾತ್ರಿ ಪೂರ್ತಿ ಕಾಮನ್ ಹಾಲ್‌ನಲ್ಲಿ ಮಲಗಬೇಕಾಯ್ತು. ಅಷ್ಟೆಲ್ಲಾ ಮಾಡಿ ಕ್ಯಾಬಿನೆಟ್ ಆದ್ರೂ ಚೆನ್ನಾಗಿ ಬಂತಾ ಅಂದ್ರೆ ಅದೂ ಇಲ್ಲ, ಬಣ್ಣ ಸುಕ್ಕುಗಟ್ಟಿ ಹಪ್ಪಳದ ಥರ ಆಯ್ತು.

ವಾರ್ಡನ್ ಸರ್ ಮೇಲೆ ನನಗೆ ಸಿಟ್ಟಿಲ್ಲ. ರೂಮಿನೊಳಗೆ ಸ್ಪ್ರೇ ಬೇಡ ಅನ್ನೋ ನಿಯಮ ಇರಲೇಬೇಕು, ಅದನ್ನ ತೆಗೀರಿ ಅಂತ ನಾನು ಕೇಳ್ತಿಲ್ಲ. ನನ್ನ ತಕರಾರು ಆ ಬ್ರಾಕೆಟ್ ಬಗ್ಗೆ. ಒಂದು ಎಂಜಿನಿಯರಿಂಗ್ ಕಾಲೇಜಿನ ಅಷ್ಟು ದೊಡ್ಡ ಕ್ಯಾಂಪಸ್‌ನಲ್ಲಿ ಒಂದು ತಗಡಿನ ಡಬ್ಬಕ್ಕೆ ಬಣ್ಣ ಹೊಡೆಯೋಕೆ ಎಲ್ಲೂ ಜಾಗ ಇಲ್ಲ ಅಂದ್ರೆ ಹೇಗೆ? ನಿಷೇಧ ಬಂದ ಮೇಲೆ ಯಾರೂ ನಿಲ್ಲಿಸಿಲ್ಲ. ಕದ್ದು ಮಾಡ್ತಿದ್ದಾರೆ, ಅಂದ್ರೆ ಮತ್ತೆ ಬಾಗಿಲು ಹಾಕಿಕೊಂಡೇ ಮಾಡ್ತಿದ್ದಾರೆ. ಯಾವುದನ್ನ ತಪ್ಪಿಸಬೇಕಿತ್ತೋ ಅದೇ ಜಾಸ್ತಿ ಆಗಿದೆ.

ಇದೆಲ್ಲಾ ಶೋಕಿ, ಅದಕ್ಕೆ ಇಷ್ಟು ದೊಡ್ಡ ಲೇಖನ ಬೇಕಾ ಅಂತ ಕೇಳೋರಿಗೆ ಮೊದಲು ಉತ್ತರ ಕೊಡ್ತೀನಿ. ನಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಅಪ್ಪನೋ ಅಣ್ಣನೋ ಹತ್ತು ಹದಿನೈದು ವರ್ಷದ ಹಿಂದೆ ತಂದ ಕಂಪ್ಯೂಟರ್ ಇನ್ನೂ ಅಟ್ಟದ ಮೇಲಿದೆ. (ಮನೆಯಲ್ಲಿ ಆ ಇಡೀ ಪೆಟ್ಟಿಗೆಗೇ ‘ಸಿಪಿಯು’ ಅಂತಾರೆ. ತಿದ್ದೋಕೆ ಹೋಗಬೇಡಿ, ಪ್ರಯೋಜನ ಇಲ್ಲ.) ಒಳಗಿನ ಪ್ರೊಸೆಸರ್ ಮುಗಿದ ಕಥೆ, ಆದ್ರೆ ಹೊರಗಿನ ಪೆಟ್ಟಿಗೆ ಮುಗಿದಿಲ್ಲ. ಇಂಟೆಲ್ ಕಂಪನಿ 1995ರಲ್ಲಿ ಎಟಿಎಕ್ಸ್ ಅನ್ನೋ ಅಳತೆ ನಿಗದಿ ಮಾಡಿತು. ಮದರ್‌ಬೋರ್ಡ್‌ನ ಸ್ಕ್ರೂ ತೂತು ಎಲ್ಲಿರಬೇಕು, ಹಿಂದಿನ ಪೋರ್ಟ್‌ಗಳ ಕಿಂಡಿ ಎಷ್ಟಿರಬೇಕು, ಎಲ್ಲಾ ಅದರಲ್ಲೇ ಇದೆ. ಮೂವತ್ತು ವರ್ಷ ಆದ್ರೂ ಮುಖ್ಯ ಅಳತೆ ಬದಲಾಗಿಲ್ಲ. ಆ ಅಳತೆಯ ಹಳೇ ಕ್ಯಾಬಿನೆಟ್‌ನಲ್ಲಿ ಇವತ್ತು ತಂದ ಬೋರ್ಡ್ ಕೂರುತ್ತೆ. ಇಷ್ಟು ಬಾಳಿಕೆ ಬರೋ ವಸ್ತು ಕಂಪ್ಯೂಟರ್‌ನಲ್ಲಿ ಬೇರೆ ಯಾವುದಿದೆ ಹೇಳಿ?

ಆದ್ರೂ ಅದನ್ನ ಗುಜರಿಗೆ ಹಾಕಿ, ಎಸ್.ಪಿ. ರೋಡಿಗೆ ಹೋಗಿ ಗಾಜಿನ ಬಾಗಿಲು, ಬಣ್ಣದ ಲೈಟು ಇರೋ ಹೊಸದನ್ನ ನಾಲ್ಕೈದು ಸಾವಿರ ಕೊಟ್ಟು ತರ್ತೀವಿ. ಯಾಕೆ? ಹಳೇದು ನೋಡೋಕೆ ಚೆನ್ನಾಗಿಲ್ಲ ಅಂತ. ಮುಂದಿನ ಪ್ಲಾಸ್ಟಿಕ್ ಬಿಸಿಲಿಗೆ ಹಳದಿ ತಿರುಗಿದೆ, ಪಕ್ಕದ ತಗಡಿನಲ್ಲಿ ಗೀರು, ಮೂಲೆಯಲ್ಲಿ ತುಕ್ಕು. ಇವೆಲ್ಲಾ ಚರ್ಮದ ಕಾಯಿಲೆ, ಎಲುಬು ಗಟ್ಟಿ ಇದೆ. ನನ್ನ ಕ್ಯಾಬಿನೆಟ್‌ಗೆ ಬಣ್ಣ, ಪ್ರೈಮರ್, ಪೇಪರ್, ಟೇಪು ಎಲ್ಲಾ ಸೇರಿ ಸಾವಿರದ ಮುನ್ನೂರು ರೂಪಾಯಿ ಆಯ್ತು. ದೊಡ್ಡ ಗ್ರಾಫಿಕ್ಸ್ ಕಾರ್ಡ್ ಹಾಕೋರಿಗೆ ಈ ಲೆಕ್ಕ ಸರಿಹೋಗಲ್ಲ, ಅದನ್ನೂ ಹೇಳಿಬಿಡ್ತೀನಿ. ಹಳೇ ಪೆಟ್ಟಿಗೆಯಲ್ಲಿ 300 ಮಿಲಿಮೀಟರ್ ಉದ್ದದ ಕಾರ್ಡ್ ತೂರಲ್ಲ, ಗಾಳಿಯ ದಾರಿಯೂ ಕಡಿಮೆ. ಅಂಥವರು ಹೊಸದೇ ತಗೊಳ್ಳಿ. ಉಳಿದ ನಾವೆಲ್ಲಾ ಬರೀ ಕೋಡ್ ಬರೆಯೋರು, ಅಸೈನ್‌ಮೆಂಟ್ ಕಾಪಿ ಮಾಡೋರು. ನಮಗೆ ಹಳೇ ಪೆಟ್ಟಿಗೆ ಧಾರಾಳ ಸಾಕು.

ಈಗ ಮುಖ್ಯ ವಿಷಯ. ಮೂರನೇ ಮಹಡಿಯವರ ಬಣ್ಣ ಯಾಕೆ ಹಪ್ಪಳ ಆಯ್ತು?

ನಮ್ಮ ಗೇಟಿನಿಂದ ಸ್ವಲ್ಪ ಮುಂದೆ ಟಿಂಕರಿಂಗ್ ಶೆಡ್ ಒಂದಿದೆ. ಅಲ್ಲಿನ ಪೇಂಟರ್ ಭಾಯ್ ಹತ್ತಿರ ನಾನು ಎರಡು ಶನಿವಾರ ಕೂತು ನೋಡಿದ್ದೇನೆ. ಸ್ಕೂಟರಿನ ಒಂದು ಪ್ಯಾನೆಲ್ ಹಿಡ್ಕೊಂಡು ಬೆಳಗ್ಗೆಯಿಂದ ಉಜ್ಜುತ್ತಾ ಇದ್ದರು. “ಭಾಯ್, ಬಣ್ಣ ಯಾವಾಗ ಹೊಡೀತೀರಾ?” ಅಂದೆ. “ಅದೇ ಕೆಲಸ ಮಾಡ್ತಾ ಇದೀನಲ್ಲಪ್ಪ” ಅಂದರು, ಉಜ್ಜುತ್ತಲೇ. ಮಧ್ಯಾಹ್ನ ಊಟ ಆದ ಮೇಲೆ ಗನ್ ಹಿಡಿದು ಹತ್ತೇ ನಿಮಿಷದಲ್ಲಿ ಮುಗಿಸಿದರು. ನಮ್ಮವರು ಇದನ್ನ ಉಲ್ಟಾ ಮಾಡ್ತಾರೆ. ಯಾವ ಬಣ್ಣ, ಮ್ಯಾಟ್ ಬೇಕಾ ಗ್ಲಾಸಿ ಬೇಕಾ ಅಂತ ಒಂದು ವಾರ ಚರ್ಚೆ. ಉಜ್ಜೋದು ಮಾತ್ರ ಐದು ನಿಮಿಷ.

ಕ್ಯಾಬಿನೆಟ್‌ನ ತಗಡು ಬರೀ ಉಕ್ಕಲ್ಲ. ಸಾಮಾನ್ಯವಾಗಿ ಅದು ಅರ್ಧದಿಂದ ಮುಕ್ಕಾಲು ಮಿಲಿಮೀಟರ್ ದಪ್ಪದ ಉಕ್ಕಿನ ಹಾಳೆ, ಅದರ ಮೇಲೆ ತೆಳು ಸತುವಿನ ಪದರ, ಹೊರಭಾಗಕ್ಕೆ ಫ್ಯಾಕ್ಟರಿಯಲ್ಲಿ ಹಾಕಿದ ಪೌಡರ್ ಕೋಟ್. ಈ ಪೌಡರ್ ಕೋಟ್ ನಯವಾಗಿ, ಗಟ್ಟಿಯಾಗಿ ಇರುತ್ತೆ. ಅದರ ಮೇಲೆ ನೇರವಾಗಿ ಬಣ್ಣ ಹೊಡೆದರೆ ಹಿಡ್ಕೊಳ್ಳೋಕೆ ಏನೂ ಸಿಗಲ್ಲ, ಉಗುರಿನಲ್ಲಿ ಕೆರೆದ್ರೆ ಸಿಪ್ಪೆ ಎದ್ದ ಹಾಗೆ ಏಳುತ್ತೆ. ಹಾಗಂತ ಅದನ್ನ ಪೂರ್ತಿ ಕಿತ್ತು ತಗಡು ಕಾಣಿಸೋವರೆಗೂ ಹೋಗಬೇಕಿಲ್ಲ. ಗಟ್ಟಿಯಾಗಿದ್ದರೆ ಅದೇ ಒಳ್ಳೆ ಅಡಿಪಾಯ. 320 ನಂಬರಿನ ವಾಟರ್ ಪೇಪರ್ ತಗೊಂಡು, ನೀರಿಗೆ ಎರಡು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ ಹಾಕಿ, ಹೊಳಪು ಪೂರ್ತಿ ಹೋಗೋವರೆಗೂ ಉಜ್ಜಬೇಕು. ಎಲ್ಲಾದ್ರೂ ಒಂದು ಕಡೆ ಹೊಳೀತಾ ಇದ್ದರೆ ಅಲ್ಲಿ ಇನ್ನೂ ಕೆಲಸ ಬಾಕಿ ಇದೆ ಅಂತ ಅರ್ಥ. ತುಕ್ಕು ಇರೋ ಕಡೆ 180ರಿಂದ ಶುರು ಮಾಡಿ, ಕೆಂಪು ಪೂರ್ತಿ ಹೋಗಬೇಕು. ಆಳವಾದ ಗೀರಿಗೆ ಗ್ಯಾರೇಜಿನವರು ಹಾಕೋ ಎನ್.ಸಿ. ಪುಟ್ಟಿ ತೆಳ್ಳಗೆ ಎಳೆದು, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಒಂದು ಮಿಡ್ ಟವರ್ ಕ್ಯಾಬಿನೆಟ್‌ಗೆ ಇದಕ್ಕೇ ಮೂರರಿಂದ ನಾಲ್ಕು ಗಂಟೆ. ಬೋರ್ ಆಗುತ್ತೆ. ಹಾಡು ಹಾಕ್ಕೊಳ್ಳಿ.

ಆಮೇಲೆ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆಯಲ್ಲಿ ಒರೆಸಬೇಕು. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟೋ ಹಾಗಿಲ್ಲ, ಕೈಯ ಎಣ್ಣೆಯಂಶ ಸಾಕು ಬಣ್ಣ ಕೆಡಿಸೋಕೆ. ಹತ್ತಿರದಲ್ಲಿ ಯಾರಾದ್ರೂ ಸಿಲಿಕೋನ್ ಪಾಲಿಶ್ ಹಾಕಿ ಬೈಕ್ ಒರೆಸ್ತಿದ್ದರೆ ಅವರನ್ನ ದೂರ ಕಳಿಸಿ. ಅದರ ಅಂಶ ತಗಡಿನ ಮೇಲೆ ಬಿದ್ದರೆ ಬಣ್ಣ ಅಲ್ಲಲ್ಲಿ ಹಿಂದೆ ಸರಿದು ಮೀನಿನ ಕಣ್ಣಿನಂಥ ಗುಳಿ ಬೀಳುತ್ತೆ.

ಇನ್ನು ಡಬ್ಬಿ. ಅಂಗಡಿಯಲ್ಲಿ ಕಾಸ್ಮೋಸ್, ಆಬ್ರೋ, ಬಾಸ್ನಿ, ಏಷ್ಯನ್ ಪೇಂಟ್ಸ್ ಹೀಗೆ ಬೇಕಾದಷ್ಟು ಸಿಗುತ್ತೆ. ಯಾವ ಕಂಪನಿ ಒಳ್ಳೇದು ಅಂತ ಕೇಳ್ತಾರೆ. ನನ್ನ ಪ್ರಕಾರ ಆ ಪ್ರಶ್ನೆಗಿಂತ ಡಬ್ಬಿಯ ಹಿಂದಿನ ಸಣ್ಣ ಅಕ್ಷರ ಓದೋದು ಮುಖ್ಯ. ಒಳಗಿರೋದು ಲ್ಯಾಕರ್ರೋ ಎನಾಮೆಲ್ಲೋ ಅಂತ ನೋಡಿ. ಲ್ಯಾಕರ್ ಅಂದ್ರೆ ದ್ರಾವಕ ಆರಿಹೋದ್ರೆ ಸಾಕು, ಗಟ್ಟಿ ಆಯ್ತು. ಅರ್ಧ ಗಂಟೆಯಲ್ಲಿ ಮುಟ್ಟಬಹುದು. ಆಲ್ಕಿಡ್ ಎನಾಮೆಲ್ ಹಾಗಲ್ಲ, ಮೊದಲು ದ್ರಾವಕ ಆರುತ್ತೆ, ಆಮೇಲೆ ಅದು ಗಾಳಿಯ ಆಮ್ಲಜನಕದ ಜೊತೆ ಸೇರಿ ದಿನಗಟ್ಟಲೆ ನಿಧಾನವಾಗಿ ಗಟ್ಟಿಯಾಗುತ್ತೆ. ಮೇಲೆ ಒಣಗಿದ ಹಾಗೆ ಕಂಡ್ರೂ ಒಳಗೆ ಇನ್ನೂ ಹಸಿ. ಆ ಸ್ಥಿತಿಯಲ್ಲಿ ಮೇಲೆ ಲ್ಯಾಕರ್ ಹೊಡೆದರೆ ಅದರ ಖಾರವಾದ ದ್ರಾವಕ ಕೆಳಗಿನ ಪದರಕ್ಕೆ ನುಗ್ಗಿ ಉಬ್ಬಿಸುತ್ತೆ, ಸುಕ್ಕು ಬರುತ್ತೆ. ಮೂರನೇ ಮಹಡಿಯ ಹಪ್ಪಳದ ರಹಸ್ಯ ಇಷ್ಟೇ. ಕೆಳಗೆ ಒಂದು ಕಂಪನಿಯ ಎನಾಮೆಲ್, ನಾಲ್ಕು ಗಂಟೆ ಬಿಟ್ಟು ಮೇಲೆ ಇನ್ನೊಂದು ಕಂಪನಿಯ ಲ್ಯಾಕರ್ ಕ್ಲಿಯರ್. ‘ಒಂದು ಗಂಟೆಯೊಳಗೆ ಅಥವಾ 48 ಗಂಟೆಯ ನಂತರ’ ಅಂತ ಕೆಲವು ಎನಾಮೆಲ್ ಡಬ್ಬಿ ಮೇಲೆ ಬರೆದಿರ್ತಾರಲ್ಲ, ಅದು ಸುಮ್ಮನೆ ಬರೆದಿದ್ದಲ್ಲ. ಪ್ರೈಮರ್, ಬಣ್ಣ, ಕ್ಲಿಯರ್ ಮೂರೂ ಒಂದೇ ಕಂಪನಿಯ ಒಂದೇ ಜಾತಿಯದ್ದು ತಗೊಳ್ಳಿ. ಅರ್ಧ ಸಮಸ್ಯೆ ಅಲ್ಲೇ ತೀರುತ್ತೆ.

ಎಷ್ಟು ಡಬ್ಬಿ ಬೇಕು ಅನ್ನೋದು ಸುಲಭದ ಲೆಕ್ಕ. ಪಕ್ಕದ ಎರಡು ಬಾಗಿಲು ಸುಮಾರು 45 ಸೆಂಟಿಮೀಟರ್ ಚೌಕ, ಮೇಲ್ಭಾಗ ಮತ್ತು ಮುಂಭಾಗ 20ಕ್ಕೆ 45. ಕೂಡಿಸಿದರೆ ಸುಮಾರು 0.6 ಚದರ ಮೀಟರ್, ಮೂರು ಕೋಟಿಗೆ 1.8. ಒಂದು 400 ಮಿಲಿ ಡಬ್ಬಿಯಲ್ಲಿ ಅಷ್ಟು ಚೆನ್ನಾಗಿ ಆಗಲ್ಲ, ಬಣ್ಣಕ್ಕೆ ಎರಡು, ಪ್ರೈಮರ್‌ಗೆ ಒಂದು, ಕ್ಲಿಯರ್‌ಗೆ ಒಂದು ಇಟ್ಕೊಳ್ಳಿ. ಕೆಂಪು, ಹಳದಿಗೆ ಕೆಳಗಿನದನ್ನ ಮುಚ್ಚೋ ಶಕ್ತಿ ಕಡಿಮೆ, ಬಿಳಿ ಪ್ರೈಮರ್ ಬೇಕು, ಬಣ್ಣವೂ ಜಾಸ್ತಿ ಕುಡಿಯುತ್ತೆ. ಮೊದಲ ಸಲ ಮಾಡೋರಿಗೆ ನನ್ನ ಸಲಹೆ ಮ್ಯಾಟ್ ಬೂದು ಅಥವಾ ಮ್ಯಾಟ್ ಕಪ್ಪು. ಗ್ಲಾಸಿ ಕನ್ನಡಿ ಥರ, ಸಣ್ಣ ಉಬ್ಬು ತಗ್ಗನ್ನೂ ಎತ್ತಿ ತೋರಿಸುತ್ತೆ. ಮ್ಯಾಟ್ ಬೆಳಕನ್ನ ಎಲ್ಲಾ ಕಡೆ ಚದುರಿಸಿ ನಮ್ಮ ಮಾನ ಕಾಪಾಡುತ್ತೆ. “ಕಪ್ಪು ಹೊಡೆದರೆ ಬಿಸಿ ಆಗಲ್ವಾ ಮಗಾ?” ಅಂತ ಕನಿಷ್ಠ ಮೂರು ಜನ ಕೇಳ್ತಾರೆ. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನ ಲೆಕ್ಕ ಇಲ್ಲಿಗೆ ಬರಲ್ಲ. ಒಳಗಿನ ಶಾಖದ ಬಹುಪಾಲು ಹೊರಗೆ ಹೋಗೋದು ಫ್ಯಾನಿನ ಗಾಳಿಯಲ್ಲಿ. ಉಳಿದ ಸ್ವಲ್ಪ ಇನ್‌ಫ್ರಾರೆಡ್ ಆಗಿ ಹೋಗುತ್ತೆ, ಅದಕ್ಕೆ ಕಪ್ಪು ಪೇಂಟೂ ಬಿಳಿ ಪೇಂಟೂ ಹೆಚ್ಚುಕಡಿಮೆ ಒಂದೇ.

ಹೊಡೆಯೋ ವಿಧಾನ ಮಾತಿನಲ್ಲಿ ಹೇಳಿದ್ರೆ ಎರಡೇ ಸಾಲು. ಡಬ್ಬಿ ಒಂದೆರಡು ನಿಮಿಷ ಚೆನ್ನಾಗಿ ಅಲ್ಲಾಡಿಸಿ, 20-25 ಸೆಂಟಿಮೀಟರ್ ದೂರದಿಂದ, ತಗಡಿನ ಆಚೆಯಿಂದ ಶುರು ಮಾಡಿ ಆಚೆಗೇ ಮುಗಿಸಿ, ಹಿಂದಿನ ಪಟ್ಟಿಯ ಅರ್ಧ ಮುಚ್ಚೋ ಹಾಗೆ ಮುಂದಿನ ಪಟ್ಟಿ. ಮೊದಲ ಕೋಟು ಕೆಳಗಿನದು ಕಾಣಿಸೋ ಅಷ್ಟು ತೆಳುವಾಗೇ ಇರಬೇಕು, ಆಸೆಪಟ್ಟು ಒಂದೇ ಸಲ ಮುಚ್ಚೋಕೆ ಹೋದ್ರೆ ಬಣ್ಣ ಕಣ್ಣೀರಿನ ಹಾಗೆ ಇಳಿಯುತ್ತೆ. ಕೋಟು ಕೋಟಿನ ನಡುವೆ ಹತ್ತು ಹದಿನೈದು ನಿಮಿಷ. ನಡುಮಧ್ಯಾಹ್ನದ ಬಿಸಿಲು ಬೇಡ, ಹನಿ ತಗಡಿಗೆ ಮುಟ್ಟೋ ಮೊದಲೇ ಒಣಗಿ ಉಪ್ಪಿನ ಹರಳಿನ ಹಾಗೆ ಒರಟಾಗುತ್ತೆ. ಮಳೆ ದಿನವೂ ಬೇಡ. ದ್ರಾವಕ ಬೇಗ ಆರುವಾಗ ತಗಡು ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂತು ಲ್ಯಾಕರ್ ಮೇಲೆ ಬಿಳಿ ಮಂಜು ಬರುತ್ತೆ. ಮಂಗಳೂರು ಕಡೆಯ ಗೆಳೆಯರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಆಸೆ ಬಿಟ್ಟುಬಿಡೋದೇ ವಾಸಿ.

ನಮ್ಮ ಓದಿಗೆ ನೇರವಾಗಿ ಸಂಬಂಧಪಟ್ಟ ಒಂದು ವಿಷಯ ಇದೆ, ಅದನ್ನ ಬಹಳ ಜನ ಮರೀತಾರೆ. ಬಣ್ಣ ವಿದ್ಯುತ್ತಿಗೆ ಅವಾಹಕ. ಮದರ್‌ಬೋರ್ಡ್ ತನ್ನ ಸ್ಕ್ರೂ ತೂತುಗಳ ಸುತ್ತ ಇರೋ ಲೋಹದ ಬಳೆಯಿಂದ, ಹಿತ್ತಾಳೆ ಸ್ಟ್ಯಾಂಡ್‌ಆಫ್ ಮೂಲಕ ಕ್ಯಾಬಿನೆಟ್‌ಗೆ ತಾಗಿರುತ್ತೆ. ಪವರ್ ಸಪ್ಲೈಯ ಲೋಹದ ಮೈ ಹಿಂದಿನ ನಾಲ್ಕು ಸ್ಕ್ರೂ ಹತ್ತಿರ ತಾಗಿರುತ್ತೆ, ಅಲ್ಲಿಂದ ಮೂರು ಪಿನ್ ಪ್ಲಗ್ಗಿನ ಅರ್ಥ್‌ಗೆ ದಾರಿ. ಈ ಜಾಗಗಳಿಗೆಲ್ಲಾ ದಪ್ಪಗೆ ಬಣ್ಣ ಹೊಡೆದರೆ ಪೆಟ್ಟಿಗೆಯ ಅರ್ಥಿಂಗ್ ಕೆಡಬಹುದು. ಹಾಗಾಗಿ ಸ್ಟ್ಯಾಂಡ್‌ಆಫ್ ಕೂರೋ ಜಾಗ, ಪವರ್ ಸಪ್ಲೈ ಕೂರೋ ಚೌಕಟ್ಟು, ಪೋರ್ಟ್ ತಗಡಿನ ಅಂಚು, ಇವಿಷ್ಟಕ್ಕೆ ಮಾಸ್ಕಿಂಗ್ ಟೇಪ್ ಕಡ್ಡಾಯ. ಧೂಳು ತಡೆಯೋ ಜಾಲರಿಗೂ ಬೇಡ, ಸಣ್ಣ ತೂತು ಮುಚ್ಚಿಹೋಗುತ್ತೆ. ಫ್ಯಾನ್ ರೆಕ್ಕೆಗೂ ಬೇಡ, ಒಂದು ರೆಕ್ಕೆ ಮೇಲೆ ಬಣ್ಣ ಹೆಚ್ಚಾದ್ರೆ ತೂಕ ತಪ್ಪಿ ಗುಂಯ್ ಅಂತ ಅದುರುತ್ತೆ. ಒಳಗಿನ ಬೋರ್ಡು, ವೈರು ಎಲ್ಲಾ ಮೊದಲೇ ಹೊರಗೆ ತೆಗೆದಿರಬೇಕು ಅಂತ ಹೇಳೋ ಅಗತ್ಯ ಇಲ್ಲ ಅಂದ್ಕೊಂಡಿದ್ದೆ. ಆದ್ರೆ ಒಬ್ಬರು ಪೇಪರ್ ಮುಚ್ಚಿ ಹೊಡೆದಿದ್ದನ್ನ ಕಣ್ಣಾರೆ ನೋಡಿದ ಮೇಲೆ ಹೇಳ್ತಿದ್ದೀನಿ.

ಜಾಗದ ವಿಷಯಕ್ಕೆ ಬರ್ತೀನಿ. ಈ ಡಬ್ಬಿ ಹುಟ್ಟಿದ್ದು 1949ರಲ್ಲಿ, ಅಮೆರಿಕದ ಇಲಿನಾಯ್ ರಾಜ್ಯದ ಸಿಕಾಮೋರ್ ಅನ್ನೋ ಊರಿನಲ್ಲಿ. ಎಡ್ ಸೆಮೋರ್ ಅನ್ನೋ ಪೇಂಟ್ ವ್ಯಾಪಾರಿ, ಮನೆ ಬೆಚ್ಚಗಿಡೋ ರೇಡಿಯೇಟರ್‌ಗಳಿಗೆ ಹೊಡೆಯೋ ಅಲ್ಯೂಮಿನಿಯಂ ಬಣ್ಣ ತೋರಿಸೋಕೆ ಅಂತ ಮಾಡಿದ್ದು. ಹಾಗೆ ಮಾಡಿ ಅಂತ ಐಡಿಯಾ ಕೊಟ್ಟಿದ್ದು ಅವರ ಹೆಂಡತಿ ಬಾನಿ. ಡಬ್ಬಿಯೊಳಗೆ ಬಣ್ಣವನ್ನ ಹೊರಗೆ ತಳ್ಳೋದು ದ್ರವರೂಪದ ಅನಿಲ. ಇವತ್ತು ಹೆಚ್ಚಾಗಿ ನಮ್ಮ ಅಡುಗೆಮನೆಯ ಎಲ್‌ಪಿಜಿ ಜಾತಿಯ ಪ್ರೊಪೇನ್, ಬ್ಯುಟೇನ್, ಇಲ್ಲಾ ಡೈಮೀಥೈಲ್ ಈಥರ್. ಒಳಗೆ ಸ್ವಲ್ಪ ದ್ರವ ಉಳಿದಿರೋವರೆಗೂ ಒತ್ತಡ ಹೆಚ್ಚುಕಡಿಮೆ ಒಂದೇ ಇರುತ್ತೆ, ಅದಕ್ಕೇ ಡಬ್ಬಿ ಕೊನೆವರೆಗೂ ಒಂದೇ ಸಮ ಚಿಮ್ಮೋದು. ಈ ಅನಿಲ ಗಾಳಿಗಿಂತ ಭಾರ, ಮುಚ್ಚಿದ ರೂಮಿನಲ್ಲಿ ಮೇಲೆ ಹೋಗಲ್ಲ, ನೆಲದ ಹತ್ತಿರ ಸೇರುತ್ತೆ. ನಮ್ಮ ರೂಮಿನಲ್ಲಿ ನೆಲದ ಹತ್ತಿರ ಏನಿರುತ್ತೆ? ಎಕ್ಸ್‌ಟೆನ್ಷನ್ ಬಾಕ್ಸು, ಮ್ಯಾಗಿ ಮಾಡೋ ಕೆಟಲ್ಲು. ಸ್ವಿಚ್ಚಿನ ಒಂದು ಕಿಡಿ ಸಾಕು. ಇದರ ಜೊತೆ ಟಾಲ್ವೀನ್, ಕ್ಸೈಲೀನ್‌ನಂಥ ದ್ರಾವಕದ ಆವಿ ತಲೆಗೆ ಹತ್ತುತ್ತೆ. ಕೋವಿಡ್ ಕಾಲದ ಎನ್-95 ಮಾಸ್ಕ್ ಹಾಕ್ಕೊಂಡ್ರೆ ಬಣ್ಣದ ಹನಿ ತಡೆಯುತ್ತೆ, ಆವಿ ತಡೆಯಲ್ಲ. ಅದಕ್ಕೆ ಇದ್ದಿಲಿನ ಕಾರ್ಟ್ರಿಡ್ಜ್ ಇರೋ ಮಾಸ್ಕ್ ಬೇಕು. ಗಟ್ಟಿಪದರ ಬರುತ್ತೆ ಅಂತ ಕೆಲವರು ಟು-ಕೆ ಕ್ಲಿಯರ್ ತರ್ತಾರೆ. ಅದರಲ್ಲಿ ಐಸೊಸಯನೇಟ್ ಇರುತ್ತೆ, ಆಸ್ತಮಾ ಇಲ್ಲದವರಿಗೂ ಆಸ್ತಮಾ ತರಿಸಬಲ್ಲ ವಸ್ತು. ಅದು ವಿದ್ಯಾರ್ಥಿಗಳ ಕೈಗೆ ಎಲ್ಲೂ ಬೇಡ. ಆ ಮಟ್ಟಿಗೆ ನಿಷೇಧಕ್ಕೆ ನನ್ನದೂ ಒಪ್ಪಿಗೆ.

ಟೆರೇಸ್ ಇದೆಯಲ್ಲ ಅಂತ ಕೆಲವರು ಹೇಳ್ತಾರೆ. ನಮ್ಮ ಟೆರೇಸಿನಲ್ಲಿ ಗಾಳಿ ಜಾಸ್ತಿ, ಬಣ್ಣದ ಅರ್ಧ ತಗಡಿಗೆ, ಅರ್ಧ ಫೈನಲ್ ಇಯರ್‌ನವರು ಒಣಗೋಕೆ ಹಾಕಿದ ಬಿಳಿ ಅಂಗಿಗೆ. ಪ್ಲೇಸ್‌ಮೆಂಟ್ ಸೀಸನ್‌ನಲ್ಲಂತೂ ಅದು ಜೀವಕ್ಕೇ ಅಪಾಯ.

ವರ್ಕ್‌ಶಾಪ್ ಹಿಂದೆ ಮೂರು ಕಡೆ ತೆರೆದಿರೋ ತಗಡಿನ ಚಾವಣಿಯ ಶೆಡ್ ಒಂದಿದೆ. ಈಗ ಅಲ್ಲಿ ಮುರಿದ ಬೆಂಚು, ಲ್ಯಾಬ್‌ನಿಂದ ಹೊರಹಾಕಿದ ಹಳೇ ಕ್ಯಾಬಿನೆಟ್‌ಗಳ ರಾಶಿ ಬಿಟ್ರೆ ಏನಿಲ್ಲ. ವೆಲ್ಡಿಂಗ್ ಕಟ್ಟಡದ ಆ ಕಡೆ ಇರೋದ್ರಿಂದ ಕಿಡಿಯ ಭಯವೂ ಇಲ್ಲ. ನಾವು ಕೇಳ್ತಿರೋದು ಆ ಶೆಡ್, ತಿಂಗಳಿಗೆ ಎರಡು ಶನಿವಾರ, ವೆಲ್ಡಿಂಗ್ ಕ್ಲಾಸ್ ಇಲ್ಲದ ಮಧ್ಯಾಹ್ನ, ವರ್ಕ್‌ಶಾಪಿನ ಒಬ್ಬರು ಇನ್‌ಸ್ಟ್ರಕ್ಟರ್ ಇರುವಾಗ. ಡಬ್ಬಿಗಳು ಹಾಸ್ಟೆಲಿಗೆ ಬರೋದೇ ಬೇಡ, ವರ್ಕ್‌ಶಾಪಿನ ಕಬ್ಬಿಣದ ಬೀರುವಿನಲ್ಲೇ ಹೆಸರು ಬರೆದು ಇಡೋಣ, 50 ಡಿಗ್ರಿ ಮೀರದ ತಂಪು ಜಾಗದಲ್ಲಿ. ಎರಡು ಕಾರ್ಟ್ರಿಡ್ಜ್ ಮಾಸ್ಕ್ ಕ್ಲಬ್ ದುಡ್ಡಿನಲ್ಲಿ ತರೋಣ. ಬೆಂಕಿ ಆರಿಸೋ ಸಿಲಿಂಡರ್ ವರ್ಕ್‌ಶಾಪಿನಲ್ಲಿ ಹೇಗೂ ಇದೆ. ಖಾಲಿ ಡಬ್ಬಿ ಎಣಿಸಿ ವಾಪಸ್ ಕೊಡಬೇಕು. ಯಾಕಂದ್ರೆ ನಮ್ಮ ಕ್ಯಾಂಪಸ್‌ನಲ್ಲಿ ಒಣಗಿದ ಎಲೆ ಗುಡಿಸಿ ಬೆಂಕಿ ಹಾಕೋ ಅಭ್ಯಾಸ ಇದೆ, ಆ ರಾಶಿಯಲ್ಲಿ ಒಂದು ಡಬ್ಬಿ ಸೇರಿದ್ರೆ ಬಾಂಬೇ. ಹೊಸಬರು ಮೊದಲು ಶೆಡ್ಡಿನ ಗುಜರಿ ಕ್ಯಾಬಿನೆಟ್ ಮೇಲೆ ಕೈ ಪಳಗಿಸಲಿ, ಆಮೇಲೆ ಮನೆಯಿಂದ ತಂದಿದ್ದು. ಪೇಂಟರ್ ಭಾಯ್ ಒಂದು ಶನಿವಾರ ಬಂದು ತೋರಿಸೋಕೆ ಒಪ್ಪಿದ್ದಾರೆ. ಅವರ ಅರ್ಧ ದಿನದ ಕೂಲಿ ನಾವು ಕೊಡಬೇಕು, ಪುಕ್ಕಟೆ ಕರೆಸೋದು ಬೇಡ.

ಇದನ್ನೇ ಒಂದು ಪುಟದ ಮನವಿ ಮಾಡಿ, ಕನ್ನಡದಲ್ಲೇ, ಪ್ರಿನ್ಸಿಪಾಲ್ ಸರ್ ಹೆಸರಿಗೆ ಬರೆದಿದ್ದೇವೆ. ವಾರ್ಡನ್ ಸರ್‌ಗೂ ಒಂದು ಪ್ರತಿ. ಸಹಿ ಹಾಕೋರು ಶುಕ್ರವಾರದೊಳಗೆ ಮೆಸ್ ಎದುರಿನ ಕ್ಲಬ್ ಬೋರ್ಡ್ ಹತ್ತಿರ ಸಿಗಿ. ಮೂರನೇ ಮಹಡಿಯವರು ಆಗಲೇ ಹಾಕಿದ್ದಾರೆ, ಆಸ್ತಮಾ ಇರೋ ಗೆಳೆಯನೂ ಹಾಕಿದ್ದಾನೆ. ಅವನದ್ದು ಒಂದೇ ಷರತ್ತು, ಗಾಳಿ ಹಾಸ್ಟೆಲ್ ಕಡೆ ಬೀಸೋ ದಿನ ಕಾರ್ಯಕ್ರಮ ರದ್ದು. ಅದನ್ನ ಐದನೇ ಅಂಶವಾಗಿ ಸೇರಿಸಿದ್ದೇವೆ.